ನಾಯಿಸಾಕಣೆಯ ಬಳಕೆಯ ಪದಗಳು ಮತ್ತು ಅವುಗಳ ಅರ್ಥ
(ಮುಧೋಳದ ನಾಯಿಯನ್ನು ನಿದರ್ಶನವಾಗಿಟ್ಟುಕೊಂಡು ರೈತರಿಗಾಗಿ ವಿವರಿಸಿದುದು)

ಎತ್ತಿನ ಸುಳಿ, ಹಲ್ಲು, ಗೊರಸುಗಳನ್ನು ನೋಡಿ ಅದರ ಬೆಲೆ ಹೇಳಬಲ್ಲ ರೈತನು ತನ್ನ ಬಾಗಿಲಲ್ಲಿಯೇ ಮಲಗಿರುವ ನಾಯಿಯ ವಿಷಯದಲ್ಲಿ ಅಷ್ಟು ಗಮನ ಕೊಡುವುದು ವಿರಳ. ಹಟ್ಟಿಯನ್ನೂ ಕಣವನ್ನೂ ಕಾಯತಕ್ಕ ಪ್ರಾಣಿ ಅದು; ಅಜಾಗರೂಕತೆಯಿಂದ ಸಾಕಿದರೆ ಮನೆಯವರ ಪ್ರಾಣಕ್ಕೆ ಎರವಾಗತಕ್ಕುದೂ ಅದೇ. ನಾಯಿಯನ್ನು ಮಾರುವವರೂ ಪಶುವೈದ್ಯರೂ ಆಡುವ ಪದಗಳ ಅರ್ಥವು ತಿಳಿದಿದ್ದರೆ, ಕೊಳ್ಳುವಾಗ ಮೋಸಹೋಗುವುದು ತಪ್ಪುವುದು. ರೋಗದ ಲಕ್ಷಣವನ್ನು ಸಕಾಲದಲ್ಲಿ ತಿಳಿಸುವುದಕ್ಕೂ ಅನುಕೂಲವಾಗುವುದು. ಈ ಉದ್ದೇಶದಿಂದ ಮುಖ್ಯವಾದ ಪದಗಳನ್ನು ಮುಂದೆ ನಾಲ್ಕು ಭಾಗಗಳಾಗಿ ವಿವರಿಸಿದೆ.

೧. ತಳಿಗೆ ಸಂಬಂಧಪಟ್ಟ ಪದಗಳು

ತಳಿ: ಒಂದೇ ಬಗೆಯ ಮೈಕಟ್ಟು, ಬಣ್ಣ ಮತ್ತು ಗುಣಗಳು ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಇಳಿದು ಬರುವ ನಾಯಿಗಳ ಗುಂಪಿಗೆ ತಳಿ ಎಂದು ಹೆಸರು. ಒಂದು ನಾಯಿ ನೋಡುವುದಕ್ಕೆ ಚೆನ್ನಾಗಿದ್ದ ಮಾತ್ರಕ್ಕೆ ಅದು ತಳಿಯ ನಾಯಿ ಎನಿಸುವುದಿಲ್ಲ. ಅದರ ಮರಿಗಳೂ ಅದರಂತೆಯೇ ಹುಟ್ಟಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ. ಆ ಸೀಮೆಯ ಬೇಟೆಗಾರರ ಬಳಿ ಇದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಆದರಿಸಿ ಬೆಳೆಸಿದರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ಮಹಾರಾಷ್ಟ್ರದ ಕಡೆ ಇದೇ ಬಗೆಯ ನಾಯಿಗೆ ಕಾರವಾನ್ ಎಂಬ ಹೆಸರುಂಟು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ದೇಶದ ನಾಲ್ಕು ನಾಯಿತಳಿಗಳಿಗೆ ಅಂಚೆಚೀಟಿ ಹೊರಡಿಸಿದಾಗ ಅವುಗಳಲ್ಲಿ ಮುಧೋಳದ್ದೂ ಒಂದಾಗಿತ್ತು. ೨೦೧೬ರಲ್ಲಿ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್ತಿನ ಸೇನಾ ಪಶುವೈದ್ಯ ಕೇಂದ್ರಕ್ಕೆ ಒಯ್ದರು.

ವಂಶಾವಳಿ: ನಾಯಿಯ ತಂದೆತಾಯಿ, ಅಜ್ಜ ಅಜ್ಜಿಯರ ಹೆಸರುಗಳನ್ನು ಬರೆದಿಟ್ಟ ಪಟ್ಟಿ. ಇದು ಬರಿಯ ಅಲಂಕಾರದ ಕಾಗದವಲ್ಲ. ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಬಾರದೆಂಬುದು ಇದರಿಂದಲೇ ತಿಳಿಯುವುದು.

ಒಳಕೂಡಿಕೆ: ತಂದೆ ಮಗಳು, ತಾಯಿ ಮಗ, ಒಡಹುಟ್ಟಿದವು, ಇಂತಹ ಹತ್ತಿರದ ರಕ್ತಸಂಬಂಧದ ನಾಯಿಗಳನ್ನು ಕೂಡಿಸುವುದು. ಪ್ರತಿಯೊಂದು ಗುಣಕ್ಕೂ ಮರಿಯು ತಂದೆಯಿಂದ ಒಂದು, ತಾಯಿಯಿಂದ ಒಂದು ಬೀಜಾಂಶವನ್ನು ಪಡೆಯುವುದು. ಒಂದು ಕೆಟ್ಟದಾಗಿದ್ದು ಇನ್ನೊಂದು ಸರಿಯಾಗಿದ್ದರೆ ಅನೇಕ ದೋಷಗಳು ಅಡಗಿರುವುವು. ರಕ್ತಸಂಬಂಧಿಗಳನ್ನು ಕೂಡಿಸಿದಾಗ ಒಂದೇ ಕೆಟ್ಟ ಅಂಶವು ಎರಡು ಕಡೆಯಿಂದಲೂ ಬಂದು ಸೇರುವುದು ಸುಲಭವಾಗುವುದು. ಲೆಕ್ಕದ ಪ್ರಕಾರ, ಒಡಹುಟ್ಟಿದವುಗಳನ್ನು ಕೂಡಿಸಿ ಪಡೆದ ಮರಿಯಲ್ಲಿ ನೂರಕ್ಕೆ ೨೫ ಪಾಲು ಬೀಜಾಂಶದ ಜೋಡಿಗಳು ಒಂದೇ ಮೂಲದಿಂದ ಬಂದವಾಗುವ ಸಂಭವವಿದೆ. ತಂದೆಯೊಂದೇ ಆಗಿ ತಾಯಂದಿರು ಬೇರೆಯಾದರೆ ಹನ್ನೆರಡೂವರೆ ಪಾಲು. ಮರಿಗಳ ಸಂಖ್ಯೆ ಕುಗ್ಗುವುದು, ಮರಿಗಳು ಉಳಿಯದಿರುವುದು, ರೋಗಕ್ಕೆ ಬೇಗ ತುತ್ತಾಗುವುದು ಇವೆಲ್ಲ ಇದರ ಫಲ. ಒಂದೂರಿನಲ್ಲಿ ಹೆಸರಾದ ಒಂದೇ ಗಂಡುನಾಯಿಗೆ ಎಲ್ಲ ಹೆಣ್ಣುಗಳನ್ನೂ ಬಿಡುವ ಪದ್ಧತಿಯು ಕೆಲವೇ ವರ್ಷಗಳಲ್ಲಿ ಊರಿನ ನಾಯಿಗಳನ್ನೆಲ್ಲ ಒಡಹುಟ್ಟುಗಳನ್ನಾಗಿ ಮಾಡುವುದು. ಒಳ್ಳೆಯ ತಳಿಯು ಕೆಡುವುದಕ್ಕೆ ಬೆರಕೆಯು ಹೇಗೆ ಕಾರಣವೋ ಇದೂ ಹಾಗೆಯೇ ಕಾರಣ.

ಬೆರಕೆ: ಎರಡು ತಳಿಗಳು ಕೂಡಿ ಹುಟ್ಟಿದ ಮರಿ. ಒಮ್ಮೆ ಬೀದಿಯ ನಾಯಿಯಿಂದ ಈದ ಹೆಣ್ಣುನಾಯಿಯು ಶಾಶ್ವತವಾಗಿ ಕೆಟ್ಟಿತೆಂದು ಕೆಲವರು ಅದನ್ನು ಅಟ್ಟಿಬಿಡುವರು. ಇದು ತಪ್ಪು. ಒಂದು ಸೂಲಿನ ತಂದೆಯ ಗುಣವು ಮುಂದಿನ ಸೂಲಿನ ಮರಿಗಳಿಗೆ ಬರುವುದಿಲ್ಲ. ಆದರೆ ಒಂದೇ ಬೆದೆಯಲ್ಲಿ ಎರಡು ಗಂಡುಗಳನ್ನು ಕೂಡಿದರೆ ಒಂದೇ ಸೂಲಿನಲ್ಲಿ ಎರಡು ತಂದೆಗಳ ಮರಿಗಳು ಹುಟ್ಟಬಹುದು. ಆದುದರಿಂದ ಬೆದೆಯು ಪೂರ್ತಿ ಮುಗಿಯುವವರೆಗೂ ಹೆಣ್ಣನ್ನು ಒಳಗೆ ಇಟ್ಟಿರತಕ್ಕದ್ದು.

ಬೆದೆ: ಹೆಣ್ಣುನಾಯಿಯು ಗಂಡನ್ನು ಬಯಸುವ ಕಾಲ. ಸಾಮಾನ್ಯವಾಗಿ ಆರು ತಿಂಗಳಿಗೆ ಅಥವಾ ಸ್ವಲ್ಪ ಹೆಚ್ಚಿನ ಅಂತರಕ್ಕೆ ಒಮ್ಮೆ ಬರುವುದು. ಒಟ್ಟು ಸುಮಾರು ಮೂರು ವಾರ ಇರುವುದು. ಮೊದಲನೆಯ ಒಂಬತ್ತು ದಿನಗಳ ಸುಮಾರಿನಲ್ಲಿ ರಕ್ತಸ್ರಾವವಿದ್ದು ಹೆಣ್ಣು ಗಂಡನ್ನು ಸೇರಿಸುವುದಿಲ್ಲ. ಸ್ರಾವದ ಕೆಂಪು ತಿಳಿಯಾದ ಮೇಲೆ ಸೇರಿಸುವುದು. ಕೂಡಿದ ನಾಯಿಗಳು ಹತ್ತರಿಂದ ಮೂವತ್ತು ನಿಮಿಷ ಸಿಕ್ಕಿಕೊಂಡಿರುವುದು ಸಹಜಧರ್ಮ. ಹೊಡೆದು ಅಥವಾ ಎಳೆದು ಬಿಡಿಸಿದರೆ ಎರಡಕ್ಕೂ ಗಾಯವಾಗುವುದು. ಭಾರತ ಸರ್ಕಾರದ ೨೦೧೭ರ ನಿಯಮಗಳ ಮೇರೆಗೆ ಮರಿಗಳನ್ನು ಮಾರುವವರು ೧೮ ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು. ಒಂದರ ಹಿಂದೆ ಒಂದರಂತೆ ಎರಡು ಬೆದೆಗಳಲ್ಲಿಯೂ ಕೂಡಿಸಬಾರದು. ಎಂಟು ವಾರ ತುಂಬದ ಮರಿಯನ್ನು ಮಾರಲೂ ಬಾರದು.

ಗಬ್ಬ ಮತ್ತು ಸೂಲು: ನಾಯಿಯ ಗಬ್ಬದ ಅವಧಿ ಸುಮಾರು ೬೩ ದಿನ. ಈಯುವುದಕ್ಕೆ ಒಂದು ದಿನ ಮೊದಲು ಮೈಯ ಶಾಖವು ೯೯ ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಇದೇ ಹತ್ತಿರದ ಗುರುತು. ಮೊದಲ ದಿನದ ಗಿಣ್ಣುಹಾಲನ್ನು ಪ್ರತಿಯೊಂದು ಮರಿಯೂ ಕುಡಿಯುವಂತೆ ನೋಡಿಕೊಳ್ಳಬೇಕು. ತಾಯಿಯ ರೋಗನಿರೋಧಶಕ್ತಿಯು ಮರಿಗೆ ಬರುವುದು ಬಹುಮಟ್ಟಿಗೆ ಅದರಿಂದಲೇ. ಮರಿಗಳು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಕಣ್ಣು ಬಿಡುವುವು. ಮರಿಗಳು ಹೆಚ್ಚಾಗಿದ್ದು ತಾಯಿಯು ಎರಡು ಮೂರು ವಾರಗಳಲ್ಲಿ ನಡುಗುವುದು, ತೇಕುವುದು, ಕಾಲು ಸೆಟೆದುಕೊಳ್ಳುವುದು ಕಂಡುಬಂದರೆ ಅದು ರಕ್ತದಲ್ಲಿ ಸುಣ್ಣದ ಅಂಶವು ಕುಗ್ಗಿದುದರ ಲಕ್ಷಣ. ಒಡನೆಯೇ ಮರಿಗಳನ್ನು ಬೇರ್ಪಡಿಸಿ ವೈದ್ಯರಲ್ಲಿಗೆ ಒಯ್ಯದಿದ್ದರೆ ತಾಯಿಯು ಸಾಯುವುದು.

೨. ಅಂಗಗಳಿಗೆ ಸಂಬಂಧಪಟ್ಟ ಪದಗಳು

ನೋಟಬೇಟೆಯ ನಾಯಿ, ಮೂಸುಬೇಟೆಯ ನಾಯಿ: ಕಣ್ಣಿನಿಂದ ಕಂಡು ಓಡಿ ಹಿಡಿಯುವುದು ಮೊದಲನೆಯದು, ವಾಸನೆಯ ಜಾಡು ಹಿಡಿದು ಹೋಗುವುದು ಎರಡನೆಯದು. ಮುಧೋಳದ ನಾಯಿ ಮೊದಲನೆಯ ಬಗೆಯದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ನಿಷಿದ್ಧವಾಗಿರುವುದರಿಂದ ಇಂತಹ ನಾಯಿಯ ಓಟದ ಶಕ್ತಿಗೆ ಬೇರೆ ಕೆಲಸವನ್ನು ಕೊಡತಕ್ಕದ್ದು.

ತಲೆ ಮತ್ತು ಮೂತಿ: ಮುಧೋಳದ ನಾಯಿಗೆ ತಲೆಬುರುಡೆ ಉದ್ದ ಮತ್ತು ಕಿರಿದು, ಮೂತಿ ನೀಳ, ಕಿವಿ ಜೋತುಬಿದ್ದಿರುವುದು.

ಎದೆಯ ಆಳ, ಹೊಟ್ಟೆಯ ಸೆಳೆತ: ಮುಂಗಾಲುಗಳ ನಡುವೆ ಎದೆಗೂಡು ಎಷ್ಟು ಕೆಳಗಿಳಿದಿದೆಯೆಂಬುದು ಎದೆಯ ಆಳ. ಓಟದ ನಾಯಿಗೆ ದೊಡ್ಡ ಹೃದಯಕ್ಕೂ ಶ್ವಾಸಕೋಶಕ್ಕೂ ಸ್ಥಳವು ಬೇಕಾದುದರಿಂದ ಎದೆ ಆಳವಾಗಿರಬೇಕು; ಹೊಟ್ಟೆಯು ಮೇಲಕ್ಕೆ ಸೆಳೆದಂತಿರಬೇಕು. ಇದನ್ನು ತಿಳಿಯದವರು ನಾಯಿ ಬಡಕಲಾಗಿದೆಯೆಂದು ಕೊಬ್ಬಿಸುವರು. ಇದರಿಂದ ಕೀಲುಗಳಿಗೆ ಭಾರವಾಗುವುದು. ಬಡಕಲು ನಾಯಿಗೂ ತೆಳುಮೈಯ ನಾಯಿಗೂ ಭೇದವು ಬೆನ್ನು ತೊಡೆಗಳಲ್ಲಿ ಕಾಣುವುದು: ತೆಳುಮೈಯ ನಾಯಿಯ ತೊಡೆಯು ಮಾಂಸದಿಂದ ಬಿಗಿದಿರುವುದು, ಬಡಕಲು ನಾಯಿಯ ಸೊಂಟದ ಮೂಳೆಗಳು ಚುಚ್ಚುವಂತಿದ್ದು ತೊಡೆಯು ಬತ್ತಿರುವುದು.

ಹೆಗಲೆತ್ತರ: ನೆಲದಿಂದ ಭುಜದ ತುದಿಗೆ ಇರುವ ಅಳತೆ. ನಾಯಿಯ ಎತ್ತರವನ್ನು ತಲೆಯಿಂದಲ್ಲ, ಇಲ್ಲಿಂದಲೇ ಅಳೆಯುವರು. ಮುಧೋಳದ ಗಂಡುನಾಯಿ ಸುಮಾರು ೨೭ ಅಂಗುಲ ಮುಟ್ಟುವುದು. ಹೆಣ್ಣು ಸ್ವಲ್ಪ ಗಿಡ್ಡ.

ಹಲ್ಲು: ಹಾಲುಹಲ್ಲುಗಳು ೨೮, ನಾಲ್ಕರಿಂದ ಆರು ತಿಂಗಳೊಳಗೆ ಅವು ಬಿದ್ದು ೪೨ ಸ್ಥಿರವಾದ ಹಲ್ಲುಗಳು ಬರುವುವು. ಎರಡು ತಿಂಗಳ ಮರಿಯೆಂದು ಮಾರುವವನು ಹೇಳಿದರೆ ಬಾಯಿ ತೆರೆದು ನೋಡಬಹುದು: ಮುಂದಿನ ಹಲ್ಲುಗಳು ದೊಡ್ಡದಾಗಿ ಬದಲಾಗಿದ್ದರೆ ವಯಸ್ಸು ನಾಲ್ಕು ತಿಂಗಳ ಮೇಲೆ, ಹಲ್ಲೇ ಮೂಡದಿದ್ದರೆ ತಾಯಿಯನ್ನು ಬಿಡಿಸಲು ತಕ್ಕ ಕಾಲವಲ್ಲ.

ತೇಕು: ನಾಲಿಗೆ ಚಾಚಿ ಬೇಗಬೇಗ ಉಸಿರಾಡುವುದು. ನಾಯಿಗೆ ಪಾದದಡಿಯಲ್ಲಿ ಹೊರತು ಹೆಚ್ಚಾಗಿ ಬೆವರುವುದಿಲ್ಲ. ಮೈಯ ಶಾಖವನ್ನು ತೇಕಿನಿಂದಲೇ ಕಳೆಯಬೇಕು. ಆದುದರಿಂದ ಬಾಯಿಯನ್ನು ಬಿಗಿದು ಬಿಸಿಲಿನಲ್ಲಿ ಕಟ್ಟಿದ ನಾಯಿಯು ಸಾಯಬಹುದು. ಆರೋಗ್ಯವಂತ ನಾಯಿಯ ಶಾಖವು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನ ಮೈಗಿಂತ ಬೆಚ್ಚಗಿದ್ದ ಮಾತ್ರಕ್ಕೆ ಜ್ವರವೆಂದು ತಿಳಿಯಬಾರದು. ಮೂಗು ಒಣಗಿದ್ದರೆ ರೋಗವೆಂಬ ನಂಬಿಕೆಯೂ ಸರಿಯಲ್ಲ.

೩. ರೋಗಗಳಿಗೆ ಸಂಬಂಧಪಟ್ಟ ಪದಗಳು

ಹುಚ್ಚು: ಎಲ್ಲಕ್ಕೂ ಮೊದಲು ತಿಳಿಯಬೇಕಾದ ಪದವಿದು. ಹುಚ್ಚಿನ ವಿಷಾಣುವು ರೋಗದ ನಾಯಿಯ ಜೊಲ್ಲಿನಲ್ಲಿದ್ದು ಕಡಿತದಿಂದ ಹರಡುವುದು. ಇದರಲ್ಲಿ ಎರಡು ಬಗೆ. ಕೆರಳಿದ ಹುಚ್ಚಿನಲ್ಲಿ ನಾಯಿಯು ಕಂಡಕಂಡುದನ್ನು ಕಚ್ಚುತ್ತ ಊರೂರು ಓಡುವುದು. ಇದನ್ನು ಎಲ್ಲರೂ ಬಲ್ಲರು. ಮೂಕ ಹುಚ್ಚಿನಲ್ಲಿ ಕೆಳದವಡೆಯು ಜೋತುಬಿದ್ದು, ಜೊಲ್ಲು ಸುರಿಯುತ್ತ, ನುಂಗಲಾರದೆ ನಾಯಿಯು ಮೂಲೆಯಲ್ಲಿ ಮಲಗಿರುವುದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಕರುಣೆಯಿಂದ ಬಾಯಿಗೆ ಕೈಯಿಟ್ಟವರು ಪ್ರಾಣಾಪಾಯಕ್ಕೆ ಸಿಕ್ಕುವರು. ನಾಯಿಯು ನೀರು ಕುಡಿಯುತ್ತಿದೆ, ಆದುದರಿಂದ ಹುಚ್ಚಲ್ಲ ಎಂಬ ಮಾತನ್ನು ನಂಬಲೇಬಾರದು. ನೀರಿನ ಭಯವು ರೋಗ ತಗಲಿದ ಮನುಷ್ಯನ ಲಕ್ಷಣ, ನಾಯಿಯದಲ್ಲ.

ಕಡಿತವಾದೊಡನೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಅರಿಸಿನ, ಎಲೆಯ ರಸ ಇವುಗಳನ್ನು ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯ ಮೇಲೆ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದ ಕಾಲವು ಹೋಯಿತು; ಈಗ ತೋಳಿಗೆ ಕೆಲವೇ ಚುಚ್ಚುಮದ್ದುಗಳು ಸಾಕು. ಗಾಯವು ಆಳವಾಗಿದ್ದರೆ ಗಾಯದೊಳಕ್ಕೂ ಮದ್ದನ್ನು ಕೊಡುವರು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡುವುದು ಯುಕ್ತವೇ. ಆದರೆ ಅದರ ಫಲಕ್ಕಾಗಿ ಕಾದು ಚಿಕಿತ್ಸೆಯನ್ನು ತಡೆಯಬಾರದು. ರೋಗಲಕ್ಷಣವು ಮನುಷ್ಯನಲ್ಲಿ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾದಾಗ ಹುಚ್ಚಿನ ಲಸಿಕೆಯನ್ನು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸುತ್ತಿದ್ದರೆ ಇಷ್ಟೆಲ್ಲ ಅನಾಹುತಕ್ಕೆ ಎಡೆಯೇ ಇರದು.

ಡಿಸ್ಟೆಂಪರ್ ಮತ್ತು ಪಾರ್ವೋ: ಇವೆರಡೂ ಮರಿಗಳ ಅಂಟುರೋಗಗಳು. ಮೊದಲನೆಯದರಲ್ಲಿ ಜ್ವರ, ಕೆಮ್ಮು, ಕಣ್ಣು ಮೂಗುಗಳಲ್ಲಿ ಪಿಸುರು, ಕೊನೆಗೆ ಸೆಳವು. ಎರಡನೆಯದು ೧೯೭೮ರಿಂದೀಚೆಗೆ ಲೋಕದಲ್ಲೆಲ್ಲ ಹರಡಿದುದು. ವಾಂತಿ ಮತ್ತು ದುರ್ವಾಸನೆಯ ರಕ್ತಭೇದಿಯಿಂದ ಮರಿಯು ಎರಡು ಮೂರು ದಿನಗಳಲ್ಲಿಯೇ ಸಾಯಬಹುದು. ಎರಡಕ್ಕೂ ಲಸಿಕೆಯುಂಟು.

ಲಾಡಿಹುಳು: ಇದರಲ್ಲಿ ಕುರಿಸಾಕುವವರು ವಿಶೇಷವಾಗಿ ಅರಿಯಬೇಕಾದ ಒಂದು ಜಾತಿಯಿದೆ. ಸತ್ತ ಅಥವಾ ಕೊಯ್ದ ಕುರಿಯ ಈಲಿ ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಿದ್ದು ನಾಯಿಯು ಅವನ್ನು ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಸಣ್ಣ ಹುಳುಗಳಾಗುವುವು. ಅವುಗಳ ತತ್ತಿಯು ನಾಯಿಯ ಮಲದಿಂದ ಹುಲ್ಲಿಗೂ ನೀರಿಗೂ ಮಕ್ಕಳ ಕೈಗೂ ಸೇರುವುದು. ಅಲ್ಲಿಂದ ಕುರಿಯಲ್ಲಿಯೂ ಮನುಷ್ಯನ ಈಲಿಯಲ್ಲಿಯೂ ಮತ್ತೆ ಗುಳ್ಳೆಗಳಾಗಿ ಬೆಳೆಯುವುದು. ಕುರಿಯ ಹಸಿಯ ಕರುಳು ಈಲಿಗಳನ್ನು ನಾಯಿಗೆ ಎಸೆಯದೆ ಹೂಳುವುದರಿಂದ ಈ ಸುತ್ತು ಕಡಿಯುವುದು.

ಉಣ್ಣೆ: ಕಿವಿಯೊಳಗೂ ಬೆರಳಸಂದಿಯಲ್ಲಿಯೂ ಕಚ್ಚಿಕೊಂಡು ರಕ್ತಹೀರುವ ಕೀಟ. ಇದರಿಂದ ಬರುವ ಜ್ವರದಲ್ಲಿ ಒಸಡು ಬಿಳಿಚಿ ನಾಯಿಯು ಊಟ ಬಿಡುವುದು. ಉಣ್ಣೆಯನ್ನು ಚರ್ಮದ ಬುಡದಲ್ಲಿ ಚಿಮುಟದಿಂದ ಹಿಡಿದು ನೆಟ್ಟಗೆ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು.

ಗರ್ಭಕೋಶದ ಕೀವು: ಬೆದೆ ಮುಗಿದ ಕೆಲವು ವಾರಗಳ ಮೇಲೆ ಹೆಣ್ಣುನಾಯಿಗೆ ವಿಪರೀತ ಬಾಯಾರಿಕೆ, ಜಡತ್ವ, ಕೆಲವೊಮ್ಮೆ ಕೆಟ್ಟ ಸ್ರಾವ ಕಂಡರೆ ಇದನ್ನು ಶಂಕಿಸಬೇಕು. ತಡಮಾಡಿದರೆ ಮರಣ. ಮರಿಗಳು ಬೇಡವಾದ ಹೆಣ್ಣಿಗೆ ಮೊದಲೇ ಶಸ್ತ್ರಕ್ರಿಯೆ ಮಾಡಿಸಿದರೆ ಈ ಭಯವಿಲ್ಲ.

೪. ಪಳಗಿಸುವುದಕ್ಕೆ ಸಂಬಂಧಪಟ್ಟ ಪದಗಳು

ರೂಢಿಯ ಕಾಲ: ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿ. ಈ ಕಾಲದಲ್ಲಿ ಮರಿಯು ಕಂಡ ಮನುಷ್ಯರು, ಮಕ್ಕಳು, ದನ, ಕುರಿ, ಕೋಳಿ, ಗಾಡಿಗಳಿಗೆ ಮುಂದೆ ಅಂಜದು. ಇದನ್ನು ಕತ್ತಲೆಯ ಕೋಣೆಯಲ್ಲಿ ಕಳೆದ ಮರಿಯು ದೊಡ್ಡದಾದ ಮೇಲೆ ಭಯದಿಂದ ಕಚ್ಚುವುದು. ಮುಧೋಳದ ನಾಯಿಯು ಅಪರಿಚಿತರನ್ನು ಬೇಗ ಸೇರಿಸದ ಸ್ವಭಾವದ್ದಾದುದರಿಂದ ಇದು ಅದಕ್ಕೆ ಇನ್ನೂ ಅವಶ್ಯಕ.

ಅಪ್ಪಣೆ: ಒಂದು ಕೆಲಸಕ್ಕೆ ಒಂದೇ ಮಾತು. ಮನೆಯಲ್ಲಿ ಒಬ್ಬರು ‘ಬಾ’ ಎಂದೂ ಇನ್ನೊಬ್ಬರು ‘ಇತ್ತ ಬಾರೋ’ ಎಂದೂ ಕರೆದರೆ ನಾಯಿಗೆ ಅರ್ಥವಾಗುವುದಿಲ್ಲ.

ಬಹುಮಾನ: ಹೇಳಿದಂತೆ ಮಾಡಿದ ಕ್ಷಣದಲ್ಲಿಯೇ ಕೊಡುವ ರೊಟ್ಟಿಯ ಚೂರು ಅಥವಾ ಮೆಚ್ಚುಗೆಯ ಮಾತು. ತಡವಾದರೆ ಯಾವುದಕ್ಕೆ ಕೊಟ್ಟುದೆಂದು ಅದಕ್ಕೆ ತಿಳಿಯದು. ಶಿಕ್ಷೆಯ ಮಾತೂ ಹೀಗೆಯೇ: ಓಡಿಹೋಗಿ ತಡವಾಗಿ ಹಿಂದಿರುಗಿದ ನಾಯಿಯನ್ನು ಹೊಡೆದರೆ, ಹಿಂದಿರುಗಿ ಬಂದುದಕ್ಕೆ ಪೆಟ್ಟು ಬಿತ್ತೆಂದೇ ಅದು ಕಲಿಯುವುದು, ಮರುದಿನ ಕರೆದರೆ ಬಾರದು.

ಸರಪಳಿಯ ರೋಷ: ಹಗಲಿರುಳು ಕಟ್ಟಿಹಾಕಿದ ನಾಯಿಯಲ್ಲಿ ಬೆಳೆಯುವ ಸಿಟ್ಟು. ಅದನ್ನು ಕಾವಲಿನ ಗುಣವೆಂದು ಭ್ರಮಿಸುವರು. ಇಂತಹ ನಾಯಿಯು ಕಳ್ಳನಿಗಿಂತ ಮೊದಲು ಮನೆಯ ಮಗುವನ್ನು ಕಚ್ಚಬಹುದು. ಓಟದ ತಳಿಗಂತೂ ಬೇಲಿಯುಳ್ಳ ಬಯಲಿನಲ್ಲಿ ದಿನಕ್ಕೆ ಎರಡಾವರ್ತಿ ಓಡಾಟವಿರಲೇಬೇಕು.

ರೈತರು ಮುಖ್ಯವಾಗಿ ಜ್ಞಾಪಕದಲ್ಲಿಡಬೇಕಾದುವು

(೧) ವಂಶಾವಳಿಯನ್ನು ಕೇಳದೆ ಮರಿಯನ್ನು ಕೊಳ್ಳಬಾರದು, ರಕ್ತಸಂಬಂಧಿಗಳನ್ನು ಕೂಡಿಸಬಾರದು.
(೨) ಎಂಟು ವಾರಕ್ಕೆ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು.
(೩) ಹುಚ್ಚಿನ ಲಸಿಕೆಯನ್ನು ತಪ್ಪಿಸಬಾರದು; ಕಡಿತವನ್ನು ಸಣ್ಣದೆಂದು ಅಲಕ್ಷಿಸಬಾರದು.
(೪) ನುಂಗಲಾರದ ನಾಯಿಯ ಬಾಯಿಗೆ ಕೈಯಿಡಬಾರದು.
(೫) ಕುರಿಯ ಹಸಿಯ ಕರುಳು ಈಲಿಗಳನ್ನು ನಾಯಿಗೆ ಹಾಕಬಾರದು.
(೬) ಹೊಡೆದು ಕಲಿಸುವುದಕ್ಕಿಂತ ಕೊಟ್ಟು ಕಲಿಸುವುದು ಲೇಸು.