ಕಾಲು ಉಳುಕಿದರೆ ವರ್ಕೌಟ್‌ಗೆ ಫುಲ್ ರಜೆನಾ?

ಕಳೆದ ಸೆಮ್‌ನಲ್ಲಿ ನಮ್ಮ ವಾಲಿಬಾಲ್ ಟೀಮ್‌ನ ಇಬ್ಬರಿಗೆ ಆಂಕಲ್ ಉಳುಕಿತು. ಒಬ್ಬ ಮೂರು ವಾರ ರೂಮ್ ಬಿಟ್ಟು ಏಳಲೇ ಇಲ್ಲ, ಮೆಸ್ ಊಟವೂ ಮಂಚಕ್ಕೇ ಹೋಗ್ತಿತ್ತು. ಇನ್ನೊಬ್ಬ ಹತ್ತನೇ ದಿನಕ್ಕೆ "ನೋವೇ ಇಲ್ಲ ಮಗಾ" ಅಂದ. ಡಿಪಾರ್ಟ್‌ಮೆಂಟ್ ಮ್ಯಾಚ್ ಇತ್ತು. ಬಾರೋ ಅಂತ ಎಳ್ಕೊಂಡು ಹೋದದ್ದು ನಾವೇ. ಎರಡನೇ ಸೆಟ್‌ನಲ್ಲಿ ಬ್ಲಾಕ್‌ಗೆ ಹಾರಿ ಇಳಿಯುವಾಗ ಅದೇ ಕಾಲು ಮತ್ತೆ ಹೊರಳಿತು. ಈ ಸಲ ಎರಡು ತಿಂಗಳು. ಅವನ ಜೊತೆ ಫಿಸಿಯೋ ಹತ್ತಿರ ಹೋಗಿ ಬಂದ ಮೇಲೆ, ಒಂದಷ್ಟು ಓದಿ, ನಮಗೆ ಅರ್ಥ ಆದದ್ದನ್ನ ಇಲ್ಲಿ ಬರೀತಿದ್ದೀವಿ.

ಆಂಕಲ್ ಉಳುಕೋದು ಅಂದ್ರೆ ಸಾಮಾನ್ಯವಾಗಿ ಪಾದ ಒಳಗಡೆಗೆ ಮಡಚಿ, ಹೊರಮಗ್ಗುಲಿನ ಲಿಗಮೆಂಟ್ ಅತಿಯಾಗಿ ಹಿಗ್ಗುವುದು ಅಥವಾ ಹರಿಯುವುದು. ಲಿಗಮೆಂಟ್ ಅಂದ್ರೆ ಮೂಳೆಗೆ ಮೂಳೆ ಕಟ್ಟಿರುವ ಹಗ್ಗ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಬಿಡಿಸಿದ ಸ್ಟ್ರೆಸ್-ಸ್ಟ್ರೇನ್ ಕರ್ವ್ ಇದಕ್ಕೂ ಇದೆ: ಮೊದಲು ಸುಕ್ಕಾಗಿರುವ ಕೊಲಾಜೆನ್ ಎಳೆಗಳು ನೆಟ್ಟಗಾಗುತ್ತವೆ, ಆಮೇಲೆ ಸರಳರೇಖೆ, ಅದರಾಚೆ ಎಳೆಗಳು ಹರಿಯಲು ಶುರು. ಸ್ಟೀಲ್ ರಾಡ್‌ಗಿಂತ ಒಂದು ವ್ಯತ್ಯಾಸ, ಇದು ವಾಪಸ್ ಬೆಳೆಯುತ್ತೆ. ಬೆಳೆಯುವಾಗ ಹದವಾದ ಲೋಡ್ ಬಿದ್ದರೆ ಎಳೆಗಳು ಆ ದಿಕ್ಕಿಗೆ ಜೋಡಿಸಿಕೊಳ್ತವೆ, ಲೋಡೇ ಇಲ್ಲದಿದ್ದರೆ ಗೋಜಲಾಗಿ ಕೂಡುತ್ತವೆ. ಮಂಚ ಹಿಡಿದವನ ತಪ್ಪು ಇದೇ.

ತಪ್ಪು ಅವನೊಬ್ಬನದಲ್ಲ. 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ 'ರೈಸ್' ಅನ್ನೋ ಸೂತ್ರ ಕೊಟ್ಟರು: ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಷನ್. ಎಲ್ಲಾ ಪಿಟಿ ಮೇಷ್ಟ್ರ ಬಾಯಲ್ಲೂ ಅದೇ. ಮುಂದೆ ಅವರೇ, ಐಸ್ ಮತ್ತು ಪೂರ್ತಿ ರೆಸ್ಟ್ ವಾಸಿಯಾಗುವುದನ್ನ ತಡಮಾಡಬಹುದು ಅಂತ ತಿದ್ದಿಕೊಂಡರು. 2012ರಲ್ಲಿ ಬಂದ 'ಪೊಲೀಸ್' ಸೂತ್ರದಲ್ಲಿ ರೆಸ್ಟ್ ಜಾಗಕ್ಕೆ ಆಪ್ಟಿಮಲ್ ಲೋಡಿಂಗ್, ಅಂದ್ರೆ ಹದವಾದ ಭಾರ, ಬಂದು ಕೂತಿದೆ.

ಆದ್ರೆ ಮೊದಲು ಮೂಳೆ ಮುರಿದಿಲ್ಲ ಅಂತ ಗೊತ್ತಾಗಬೇಕು. ನಾಲ್ಕು ಹೆಜ್ಜೆ ನಡೆಯೋಕೆ ಆಗ್ತಿಲ್ಲ, ಆಂಕಲ್‌ನ ಗುಬುಟು ಮೂಳೆಯ ಹಿಂಭಾಗ ಅಥವಾ ಪಾದದ ನಡುವಿನ ಮೂಳೆ ಒತ್ತಿದರೆ ನೋವು ಅಂದ್ರೆ ಎಕ್ಸ್-ರೇ ಮಾಡಿಸಿ. ಇದರಲ್ಲಿ ಹೀರೋಗಿರಿ ಬೇಡ.

ಮುರಿದಿಲ್ಲ ಅಂದ್ರೆ ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ. ಆಮೇಲೆ ಹೆಬ್ಬೆರಳನ್ನ ಪೆನ್ನು ಅಂದ್ಕೊಂಡು ಗಾಳಿಯಲ್ಲಿ ಅಕ್ಷರ ಬರೀರಿ. ಇಂಗ್ಲಿಷ್ ವಿಡಿಯೋಗಳಲ್ಲಿ ಎಬಿಸಿಡಿ ಬರೆಸ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕನ್ನಡ ವರ್ಣಮಾಲೆಯೇ ಬೆಸ್ಟ್, 'ಋ' ಬರೆಯೋಷ್ಟರಲ್ಲಿ ಆಂಕಲ್ ಎಲ್ಲಾ ದಿಕ್ಕಿಗೂ ತಿರುಗಿರುತ್ತೆ.

ಜಿಮ್‌ಗೂ ಹೋಗಬಹುದು. ಬೆಂಚ್ ಪ್ರೆಸ್, ಲ್ಯಾಟ್ ಪುಲ್‌ಡೌನ್, ಕೂತು ಮಾಡೋ ಶೋಲ್ಡರ್ ಪ್ರೆಸ್‌ಗೆ ಆಂಕಲ್ ಬೇಕಿಲ್ಲ. ಓಟದ ಬದಲು ಸ್ಟೇಷನರಿ ಸೈಕಲ್. ಚೆನ್ನಾಗಿರೋ ಕಾಲಿಗೆ ಲೆಗ್ ಎಕ್ಸ್‌ಟೆನ್ಷನ್ ಬಿಡಬೇಡಿ. ಒಂದು ಕಾಲಿಗೆ ಟ್ರೇನಿಂಗ್ ಮಾಡಿದರೆ ಇನ್ನೊಂದರ ಶಕ್ತಿಯೂ ಸ್ವಲ್ಪ ಉಳಿಯುತ್ತೆ, ಯಾಕಂದ್ರೆ ಶಕ್ತಿಯ ಒಂದು ಪಾಲು ಇರೋದು ನರಮಂಡಲದಲ್ಲಿ. ಎಷ್ಟು ಮಾಡಬೇಕು ಅನ್ನೋದಕ್ಕೆ ಫಿಸಿಯೋ ಕೊಟ್ಟ ಲೆಕ್ಕ: ನೋವು ಹತ್ತರಲ್ಲಿ ಮೂರು ದಾಟಬಾರದು, ಮಾರನೇ ಬೆಳಿಗ್ಗೆ ಊತ ಹೆಚ್ಚಿರಬಾರದು. ಹೆಚ್ಚಿದ್ರೆ ಲೋಡ್ ಇಳಿಸಿ. ಕ್ಲೋಸ್ಡ್ ಲೂಪ್ ಕಂಟ್ರೋಲ್, ಅಷ್ಟೇ.

ಇನ್ನು ನಮ್ಮ ಎರಡನೇ ಗೆಳೆಯನ ಕಥೆ. ಲಿಗಮೆಂಟ್ ಬರೀ ಹಗ್ಗ ಅಲ್ಲ, ಅದರೊಳಗೆ ಸೆನ್ಸರ್‌ಗಳೂ ಇವೆ. ಪಾದ ಎಷ್ಟು ಓರೆಯಾಗಿದೆ ಅಂತ ನಾವು ನೋಡದೇನೇ ಗೊತ್ತಾಗೋದರಲ್ಲಿ ಅವುಗಳ ಪಾಲಿದೆ. ಹಗ್ಗ ಹರಿದಾಗ ಸಿಗ್ನಲ್ಲೂ ಕೆಡುತ್ತೆ. ನೋವು ಒಂದೆರಡು ವಾರದಲ್ಲಿ ಹೋಗಬಹುದು, ಸಿಗ್ನಲ್ ಅಷ್ಟು ಬೇಗ ಸರಿಹೋಗಲ್ಲ. ಪಾದ ಹೊರಳೋಕೆ ಶುರುವಾದಾಗ ಸ್ನಾಯು ಎಚ್ಚರಗೊಳ್ಳೋದು ತಡವಾಗುತ್ತೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತೆ. ನಾವು ಅವನನ್ನ "ನೋವಿದೆಯಾ?" ಅಂತ ಮಾತ್ರ ಕೇಳಿದ್ವಿ. "ಒಂಟಿ ಕಾಲಲ್ಲಿ ಮೂವತ್ತು ಸೆಕೆಂಡ್ ನಿಲ್ತೀಯಾ?" ಅಂತ ಕೇಳಬೇಕಿತ್ತು.

ಅದಕ್ಕೆ ಬ್ಯಾಲೆನ್ಸ್ ಅಭ್ಯಾಸ ಬೇಕೇ ಬೇಕು. ಮೊದಲು ಕಣ್ಣು ಬಿಟ್ಟು, ಆಮೇಲೆ ಗೋಡೆ ಪಕ್ಕ ಕಣ್ಣು ಮುಚ್ಚಿ. ಅದು ಸಲೀಸಾದ ಮೇಲೆ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು, ಕುಂಟೋಬಿಲ್ಲೆ ಥರ ಹಾರೋದು, ಝಿಗ್‌ಝ್ಯಾಗ್ ಓಟ, ಕೊನೆಗೆ ಬ್ಲಾಕ್ ಜಂಪ್.

ಈಗ ಬೆಳಿಗ್ಗೆ ನಮ್ಮ ಹಾಸ್ಟೆಲ್ ವಾಶ್‌ಬೇಸಿನ್ ಮುಂದೆ ಇಬ್ಬರು ಕೊಕ್ಕರೆ ಥರ ನಿಂತು ಹಲ್ಲುಜ್ಜೋದು ಕಾಣಿಸುತ್ತೆ. ಮಂಚ ಹಿಡಿದಿದ್ದವನು ನಲವತ್ತು ಸೆಕೆಂಡ್ ಮುಟ್ಟಿದ್ದಾನೆ. ಇನ್ನೊಬ್ಬ ಇಪ್ಪತ್ತೆರಡರಲ್ಲಿದ್ದಾನೆ, ಮುಂದಿನ ಮ್ಯಾಚ್‌ಗೆ ಅವನ ಹೆಸರು ನಾವು ಇನ್ನೂ ಬರೆದಿಲ್ಲ.