ಯೆಜ್ಡಿಯ ಕಾರ್ಬುರೇಟರ್: ಕೂದಲೆಳೆಯ ಲೆಕ್ಕ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 1961ರಿಂದ ಅಲ್ಲಿ ತಯಾರಾದ ಜಾವಾಗಳು, 1973ರಿಂದ ಬಂದ ಯೆಜ್ಡಿಗಳು ಮಾತ್ರ ಇನ್ನೂ ರಸ್ತೆ ಬಿಟ್ಟಿಲ್ಲ. ಕೆಲವು ದಿನವೂ ಓಡುತ್ತವೆ. ಇನ್ನೆಷ್ಟೋ ಗಾಡಿಗಳು ಅಪ್ಪನದೋ ಮಾವನದೋ ನೆನಪಾಗಿ ಶೆಡ್ಡಿನಲ್ಲಿ ನಿಂತಿವೆ. ಅಂಥ ಗಾಡಿಯನ್ನು ಹೊರಗೆಳೆದು ಕಿಕ್ ಹೊಡೆದರೆ ಮೊದಲು ತಕರಾರು ತೆಗೆಯುವುದು ಕಾರ್ಬುರೇಟರ್. ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಐಡ್ಲಿಂಗ್ ಹಿಡಿಯುವುದಿಲ್ಲ, ಅದೂ ಹಿಡಿದರೆ ಪೆಟ್ರೋಲ್ ಓವರ್‌ಫ್ಲೋ ಆಗಿ ಎಂಜಿನ್ ಮೇಲೆ ಸುರಿಯುತ್ತದೆ. ‘ಬಿಚ್ಚಿ ಕ್ಲೀನ್ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತು ಅರ್ಧ ನಿಜ. ಕಾರ್ಬುರೇಟರ್ ಒಂದು ಅಳತೆಯ ಉಪಕರಣ. ಕೊಳೆ ತೆಗೆದ ಮೇಲೂ ಅದರ ಅಳತೆ ಮರಳದಿದ್ದರೆ ಕೆಲಸ ಮುಗಿದಂತಲ್ಲ.

ಏನನ್ನು ಅಳೆಯುತ್ತದೆ? ಗಾಳಿ ಮತ್ತು ಪೆಟ್ರೋಲನ್ನು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಾಗೆ ನೋಡಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಪೆಟ್ರೋಲ್ ಇದಕ್ಕಿಂತ ತುಸು ಹೆಚ್ಚಿದ್ದರೆ ಎಂಜಿನ್ ಬಲವಾಗಿ ಎಳೆಯುತ್ತದೆ, ತೀರಾ ಹೆಚ್ಚಾದರೆ ಪ್ಲಗ್ ಮಸಿಗಟ್ಟುತ್ತದೆ. ಕಡಿಮೆಯಾದರೆ ಅಪಾಯ. ಯೆಜ್ಡಿಯಂಥ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆತ ಆಯಿಲ್ಲೇ ಜಾರುಕ. ಹಳೆಯ ರೂಢಿಯಲ್ಲಿ ಲೀಟರಿಗೆ 40 ಮಿಲಿಲೀಟರ್. ಪೆಟ್ರೋಲ್ ಕಡಿಮೆ ಬಂದರೆ ಪಿಸ್ಟನ್ ಹೆಚ್ಚು ಕಾಯುತ್ತದೆ, ಅದೇ ಹೊತ್ತಿಗೆ ಆಯಿಲ್ ಕೂಡ ಕಡಿಮೆಯಾಗುತ್ತದೆ. ಪಿಸ್ಟನ್ ಸೀಜ್ ಆಗುವುದು ಹೀಗೆ.

ಈ ಅಳತೆಗೆ ಪಂಪಿಲ್ಲ, ಸೆನ್ಸರ್ ಇಲ್ಲ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ಕೊರಳಿನಲ್ಲಿ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬೌಲಿನಲ್ಲಿರುವ ಪೆಟ್ರೋಲನ್ನು ಹೊರಗಿನ ವಾಯುಭಾರ ಮೇಲಕ್ಕೆ ತಳ್ಳುತ್ತದೆ. ಸೊಳ್ಳೆಗೆ ಹೊಡೆಯುವ ಹಳೆಯ ಫ್ಲಿಟ್ ಪಂಪಿನ ಕೆಲಸವೂ ಇದೇ. ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ, ಜಿಯೊವಾನಿ ವೆಂಚುರಿ 1797ರಲ್ಲಿ ಕಿರಿದಾದ ಕೊಳವೆಗಳಲ್ಲಿ ಪರೀಕ್ಷಿಸಿ ಬರೆದ ವಿಚಾರಗಳ ಮೇಲೆ ಈ ಯಂತ್ರ ನಿಂತಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಕೊರಳಿನಲ್ಲಿ ಗಾಳಿ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹರಿದರೆ ಉಂಟಾಗುವ ಒತ್ತಡದ ಇಳಿಕೆ ಪೆಟ್ರೋಲನ್ನು ಸುಮಾರು 20 ಸೆಂ.ಮೀ. ಎತ್ತಬಲ್ಲದು. ವೇಗ 10 ಮೀಟರಿಗೆ ಇಳಿದರೆ ಎತ್ತುವ ಶಕ್ತಿ 20 ಸೆಂ.ಮೀ.ನಿಂದ 8 ಮಿ.ಮೀ.ಗೆ ಕುಸಿಯುತ್ತದೆ. ಬೌಲಿನಲ್ಲಿ ಪೆಟ್ರೋಲಿನ ಮಟ್ಟ 2 ಮಿ.ಮೀ. ತಗ್ಗಿದ್ದರೆ ಹೆದ್ದಾರಿಯ ವೇಗದಲ್ಲಿ ಅದು ಗೊತ್ತೇ ಆಗುವುದಿಲ್ಲ; ಊರೊಳಗೆ ಮೆಲ್ಲಗೆ ಹೋಗುವಾಗ ಗಾಡಿ ಮುಗ್ಗರಿಸುತ್ತದೆ. ಆ ಮಟ್ಟವನ್ನು ನಿಗದಿ ಮಾಡುವ ಫ್ಲೋಟಿನ ಎತ್ತರವನ್ನು ಕಣ್ಣಂದಾಜಿನಲ್ಲಿ ಬಿಡಬಾರದು ಎನ್ನುವುದಕ್ಕೆ ಕಾರಣ ಇಷ್ಟೇ.

ನಿಂತ ಗಾಡಿಯ ಬೌಲಿನಲ್ಲಿ ನಡೆಯುವುದು ಶುದ್ಧ ರಸಾಯನ ಕ್ರಿಯೆ. ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದವು ಮೊದಲು ಆವಿಯಾಗುತ್ತವೆ, ಮತ್ತು ಸುಲಭವಾಗಿ ಸ್ಟಾರ್ಟ್ ಆಗಲು ಬೇಕಾಗಿದ್ದವು ಅವೇ. ಉಳಿದವುಗಳಲ್ಲಿ ಕೆಲವು ಆಮ್ಲಜನಕದೊಂದಿಗೆ ಸೇರಿ ಉದ್ದುದ್ದ ಅಣುಗಳಾಗಿ ಹೆಣೆದುಕೊಂಡು ಕಂದು ಅಂಟಾಗುತ್ತವೆ, ಕೊನೆಗೆ ವಾರ್ನಿಷ್‌ನಂತೆ ಗಟ್ಟಿಯಾಗುತ್ತವೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಇದಕ್ಕೆ ಆಯಿಲ್ಲೂ ಸೇರುತ್ತದೆ, ಏಕೆಂದರೆ ಪೆಟ್ರೋಲ್ ಹಾರಿಹೋದರೂ ಆಯಿಲ್ ಅಲ್ಲೇ ಕೂರುತ್ತದೆ. ಐಡ್ಲಿಂಗಿಗೆ ಪೆಟ್ರೋಲ್ ಅಳೆಯುವ, 0.40 ಮಿ.ಮೀ. ರಂಧ್ರದ ಪೈಲಟ್ ಜೆಟ್ಟಿನ ಒಳಗೋಡೆಯ ಮೇಲೆ 0.02 ಮಿ.ಮೀ. ದಪ್ಪದ ಪದರ ಕೂತಿತೆನ್ನಿ. ರಂಧ್ರದ ವಿಸ್ತೀರ್ಣ ಶೇ 19ರಷ್ಟು ಕುಗ್ಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ರಂಧ್ರ ತೆರೆದೇ ಕಾಣುತ್ತದೆ, ಐಡ್ಲಿಂಗ್ ಮಾತ್ರ ಹಿಡಿಯುವುದಿಲ್ಲ.

ಈ ಪದರವನ್ನು ಕರಗಿಸಬೇಕು, ಕೆರೆಯಬಾರದು. ಜೆಟ್ ಹಿತ್ತಾಳೆಯದು, ಮೆದು. ಪಿನ್ನು, ಸ್ಟೀಲ್ ತಂತಿ, ಸೂಜಿ ಹಾಕಿ ತಿರುವಿದರೆ 0.90 ಮಿ.ಮೀ.ನ ಮೇನ್ ಜೆಟ್ 0.95 ಆಗುವುದಕ್ಕೆ ಹೊತ್ತು ಬೇಕಿಲ್ಲ; ಆಗ ವಿಸ್ತೀರ್ಣ ಶೇ 11ರಷ್ಟು ಹೆಚ್ಚುತ್ತದೆ. ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ಆಮೇಲೆ ಸುಳ್ಳು. ಕಾರ್ಬುರೇಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸುವುದು, ಗಾಳಿ ಹೊಡೆಯುವುದು, ಮತ್ತೆ ನೆನೆಸುವುದು ನಿಧಾನ, ಆದರೆ ಸರಿಯಾದ ದಾರಿ. ರಬ್ಬರ್ ಓ-ರಿಂಗ್, ಗ್ಯಾಸ್ಕೆಟ್ಟುಗಳನ್ನು ಮೊದಲೇ ತೆಗೆದಿಡಬೇಕು, ಇಲ್ಲವಾದರೆ ಉಬ್ಬಿಹೋಗುತ್ತವೆ. ಅಲ್ಟ್ರಾಸಾನಿಕ್ ತೊಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಸೆಕೆಂಡಿಗೆ ಸುಮಾರು 40,000 ಕಂಪನಗಳು ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಹುಟ್ಟಿಸಿ ಒಡೆಯುತ್ತವೆ. ಬ್ರಷ್ ಎಂದೂ ತಲುಪದ ಮೂಲೆಯಲ್ಲೂ ಕೊಳೆ ಸಡಿಲವಾಗುತ್ತದೆ. ಹಳೆಯ ಕಾರ್ಬುರೇಟರ್‌ಗಳ ಮೈ ಸತುವಿನ ಅಥವಾ ಅಲ್ಯುಮಿನಿಯಂನ ಮಿಶ್ರಲೋಹ. ಕಾಸ್ಟಿಕ್ ಸೋಡಾ ಇವೆರಡನ್ನೂ ತಿನ್ನುತ್ತದೆ, ಹುಳಿ ದ್ರಾವಣ ಹೆಚ್ಚು ಹೊತ್ತಾದರೆ ಸತುವನ್ನು ತಿನ್ನುತ್ತದೆ. ಫಳಫಳ ಹೊಳೆಯಲೆಂದು ಇವುಗಳಲ್ಲಿ ಮುಳುಗಿಸಿ ಹಾಳು ಮಾಡಿದ ಕಾರ್ಬುರೇಟರ್ ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಂಥದ್ದು ಮತ್ತೆ ಸಿಗುವುದು ಸುಲಭವಲ್ಲ.

ಹಿತ್ತಾಳೆಯ ಫ್ಲೋಟ್ ತೂತಾಗಿದೆಯೇ ತಿಳಿಯಲು ಬಿಸಿನೀರಲ್ಲಿ ಅದುಮಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ಸೋರುವಲ್ಲಿ ಗುಳ್ಳೆ ಬರುತ್ತದೆ. ಒಳಗೆ ಸೇರಿದ ಪೆಟ್ರೋಲ್ ಪೂರ್ತಿ ಹೊರಬಂದ ಮೇಲೆಯೇ ಬೆಸುಗೆ, ಅದೂ ಸಾಧ್ಯವಾದಷ್ಟು ಕಡಿಮೆ ಸೀಸ ಹಾಕಿ. ಫ್ಲೋಟ್ ಭಾರವಾದಷ್ಟೂ ತಡವಾಗಿ ತೇಲುತ್ತದೆ, ಪೆಟ್ರೋಲ್ ಮಟ್ಟ ಏರುತ್ತದೆ.

ಇನ್ನು ಎಲ್ಲರೂ ಕಡೆಗಣಿಸುವ ಭಾಗ. ಆಕ್ಸಿಲರೇಟರ್ ತಿರುವಿದಾಗ ಸ್ಲೈಡಿನ ಜೊತೆ ಮೇಲೇಳುವ ಮೊನಚಾದ ನೀಡಲ್, ಅದು ತೂರಿಕೊಂಡಿರುವ ನೀಡಲ್ ಜೆಟ್. ಕಾಲುಭಾಗದಿಂದ ಮುಕ್ಕಾಲು ಭಾಗದವರೆಗಿನ ಆಕ್ಸಿಲರೇಟರಿನಲ್ಲಿ, ಅಂದರೆ ನಾವು ಹೆಚ್ಚು ಓಡಿಸುವ ಹದದಲ್ಲಿ, ಪೆಟ್ರೋಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವುದು ಇವೆರಡರ ನಡುವಿನ ಉಂಗುರದಂಥ ಸಂದು. ನೀಡಲ್ ಲಕ್ಷಾಂತರ ಸಲ ಅದುರಿ ಉಜ್ಜಿ ಜೆಟ್ಟನ್ನು ಸವೆಸುತ್ತದೆ. ಉದಾಹರಣೆಗೆ ಜೆಟ್ 2.60 ಮಿ.ಮೀ., ಆ ಎತ್ತರದಲ್ಲಿ ನೀಡಲ್ 2.50 ಮಿ.ಮೀ. ಎಂದಿಟ್ಟುಕೊಳ್ಳಿ. ಜೆಟ್ ಸವೆದು 2.62 ಆದರೆ ವ್ಯತ್ಯಾಸ ಕೂದಲೆಳೆಗಿಂತ ಕಡಿಮೆ. ಸಂದಿನ ವಿಸ್ತೀರ್ಣ ಮಾತ್ರ ಶೇ 20ರಷ್ಟು ಹೆಚ್ಚುತ್ತದೆ! ಈ ಕಾರ್ಬುರೇಟರನ್ನು ಎಷ್ಟು ತೊಳೆದರೂ ಗಾಡಿ ಹೊಗೆ ಬಿಡುತ್ತದೆ, ಮೈಲೇಜ್ ಕೊಡುವುದಿಲ್ಲ. ಹೋಲಿಕೆಗೆ, ಮೈಸೂರಿನಲ್ಲಿ ಹದ ಮಾಡಿದ ಗಾಡಿಯನ್ನು ಸುಮಾರು 770 ಮೀಟರ್ ಇಳಿಸಿ ಮಂಗಳೂರಿಗೆ ಒಯ್ದರೆ ಗಾಳಿಯ ಸಾಂದ್ರತೆ ಬದಲಾಗಿ ಮಿಶ್ರಣ ತೆಳುವಾಗುವುದು ಶೇ 3–4ರಷ್ಟು ಮಾತ್ರ. ಘಾಟಿ ಇಳಿದಾಗ ಜೆಟ್ ಬದಲಿಸಬೇಕೇ ಎಂದು ತಲೆಕೆಡಿಸಿಕೊಳ್ಳುವವರು ಮೊದಲು ನೀಡಲ್ ಜೆಟ್ ನೋಡಲಿ.

ಎಂಜಿನ್ನಿಗೆ ಕೂರುವ ಫ್ಲೇಂಜನ್ನೂ ಪರೀಕ್ಷಿಸಬೇಕು. ಬೋಲ್ಟ್‌ಗಳನ್ನು ವರ್ಷಗಟ್ಟಲೆ ಬಿಗಿದೂ ಬಿಗಿದೂ ಅದು ಬಾಗಿರುತ್ತದೆ, ಸಂದಿನಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ದಪ್ಪ ಗಾಜಿನ ಮೇಲೆ ನುಣುಪು ಎಮೆರಿ ಕಾಗದ ಇಟ್ಟು ಉಜ್ಜಿ ಸಮ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಕು.

ಈಗಿನ ಪೆಟ್ರೋಲ್ ಹೊಸ ಪ್ರಶ್ನೆ ತಂದಿದೆ. ಬಂಕುಗಳಲ್ಲಿ ಸಿಗುವ ಇ20ಯಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲಿನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ ಆದ್ದರಿಂದ, ಅದರ ಮಿಶ್ರಣಕ್ಕೆ ಬೇಕಾದ ಗಾಳಿಯ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ಸರಿದೂಗಿಸಿಕೊಳ್ಳುತ್ತದೆ. 1970ರ ದಶಕದ ಜೆಟ್ಟಿಗೆ ಇದು ತಿಳಿಯುವುದಿಲ್ಲ. ಅದೇ ರಂಧ್ರ, ಅದೇ ಹರಿವು, ಆದರೆ ಮಿಶ್ರಣ ತೆಳು. ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ನೀಡಲನ್ನು ಮೇಲೆತ್ತುವುದು, ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ ಪ್ಲಗ್ಗಿನ ಬಣ್ಣ ನೋಡುವುದು ಇದಕ್ಕೆ ಪರಿಹಾರ. ಕಾಫಿಪುಡಿಯ ಕಂದು ಬಂದರೆ ಸರಿ, ಬಿಳಿಚಿದರೆ ಗಾಡಿ ನಿಲ್ಲಿಸಿ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದಾಗ ಅದು ಎಥನಾಲನ್ನು ಎಳೆದುಕೊಂಡು ಬೌಲಿನ ತಳಕ್ಕಿಳಿದು ಸತುವಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಗಾಡಿ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಹಳೆಯ ಜೆಟ್ ತೆಗೆದಾಗ ಎಸೆಯಬೇಡಿ. ಮಾರುಕಟ್ಟೆಯ ನಕಲಿ ಜೆಟ್ಟುಗಳ ಸಂಖ್ಯೆಗೂ ರಂಧ್ರಕ್ಕೂ ತಾಳೆಯಾಗುವುದೆಂದು ನಂಬುವಂತಿಲ್ಲ. ಕೆಡದ ಮೂಲ ಜೆಟ್ ಕೈಯಲ್ಲಿದ್ದರೆ ಹೋಲಿಸಲಿಕ್ಕಾದರೂ ಆಧಾರ ಸಿಗುತ್ತದೆ. ಬಿಚ್ಚುವ ಮುನ್ನ ಕ್ಲಿಪ್ ಯಾವ ಗೀರಿನಲ್ಲಿತ್ತು, ಐಡ್ಲಿಂಗ್ ಮಿಶ್ರಣದ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಎಂಬುದನ್ನು ಬರೆದಿಡಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಬಿಚ್ಚಿ ಖಾಲಿ ಮಾಡಿ ಒರೆಸಿಡಿ. ಹತ್ತು ನಿಮಿಷದ ಈ ಕೆಲಸ ಮಾಡಿದರೆ ಮೇಲಿನ ಬಹುಪಾಲು ರಿಪೇರಿ ಬೇಕಾಗುವುದೇ ಇಲ್ಲ.