ಹಳೆಯ ನಕ್ಷತ್ರ ದೂರದಲ್ಲೇ ಇರಬೇಕೆ?

ವಿಶ್ವದ ಅತಿ ಹಳೆಯ ನಕ್ಷತ್ರಗಳು ವಿಶ್ವದ ಅಂಚಿನಲ್ಲಿವೆ, ಅವನ್ನು ಕಾಣಲು ದೈತ್ಯ ದೂರದರ್ಶಕವೇ ಬೇಕು ಎಂಬ ನಂಬಿಕೆ ಬಲವಾಗಿದೆ. ದೂರ ನೋಡಿದಷ್ಟೂ ಹಿಂದಿನ ಕಾಲ ಕಾಣುತ್ತದೆ, ಅದು ನಿಜ. ಹಾಗೆಂದು ಹತ್ತಿರದ್ದೆಲ್ಲ ಹೊಸದಲ್ಲ. ಸೂರ್ಯನಿಗಿಂತ ಕಡಿಮೆ ತೂಕದ ನಕ್ಷತ್ರ ತನ್ನ ಇಂಧನವನ್ನು ನಿಧಾನವಾಗಿ ಉರಿಸುತ್ತ 1300 ಕೋಟಿ ವರ್ಷಕ್ಕೂ ಮೀರಿ ಬಾಳಬಲ್ಲದು. ಅಂಥವು ನಮ್ಮ ಆಕಾಶಗಂಗೆಯಲ್ಲೇ ಇವೆ. ತುಲಾ ರಾಶಿಯ ಎಚ್‌ಡಿ 140283 ಇರುವುದು ಕೇವಲ 200 ಜ್ಯೋತಿರ್ವರ್ಷ ದೂರದಲ್ಲಿ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಮುಖ್ಯ ಸುಳಿವು ಸಿಗುವುದು ನಕ್ಷತ್ರದ ಬೆಳಕಿನಲ್ಲೇ: ಅದನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ಕಾಣುವ ಗೆರೆಗಳು ಅಲ್ಲಿ ಯಾವ ಧಾತುಗಳಿವೆ ಎಂದು ಹೇಳುತ್ತವೆ. ಮಹಾಸ್ಫೋಟದಿಂದ ಹುಟ್ಟಿದ್ದು ಜಲಜನಕ, ಹೀಲಿಯಂ ಮತ್ತು ತುಸು ಲಿಥಿಯಂ. ಕಬ್ಬಿಣ, ಕ್ಯಾಲ್ಸಿಯಂ, ನಾವು ಉಸಿರಾಡುವ ಆಮ್ಲಜನಕ ಎಲ್ಲವೂ ಆಮೇಲೆ ನಕ್ಷತ್ರಗಳ ಒಡಲಲ್ಲಿ, ಅವುಗಳ ಸ್ಫೋಟಗಳಲ್ಲಿ ತಯಾರಾದವು. ಹೀಲಿಯಂಗಿಂತ ಭಾರವಾದುದನ್ನೆಲ್ಲ ಖಗೋಳ ವಿಜ್ಞಾನಿಗಳು ಲೋಹ ಎಂದೇ ಕರೆಯುತ್ತಾರೆ. ಸೂರ್ಯನಲ್ಲಿ ಈ ಲೋಹಗಳು ನೂರಕ್ಕೆ ಒಂದೂವರೆ ಪಾಲಿನಷ್ಟಿವೆ. ಮೊದಮೊದಲು ಹುಟ್ಟಿದ ನಕ್ಷತ್ರಗಳಿಗೆ ಅಷ್ಟೂ ದಕ್ಕಲಿಲ್ಲ; ಹಾಗಾಗಿ ಲೋಹ ಕಡಿಮೆಯಿರುವುದು ನಕ್ಷತ್ರ ಹಳೆಯದೆಂಬುದಕ್ಕೆ ಸುಳಿವು.

ಇಲ್ಲಿಯೇ ಇನ್ನೊಂದು ತಪ್ಪು ಕಲ್ಪನೆ: ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್ ವೀಕ್ಷಣಾಲಯ ನೋಡುವುದು ಸೂರ್ಯನನ್ನು, ಅದಕ್ಕೂ ಈ ಪುರಾತನ ನಕ್ಷತ್ರಗಳಿಗೂ ಏನು ಸಂಬಂಧ? ಸಂಬಂಧ ಬಹಳ ಹತ್ತಿರದ್ದು, ಎರಡೂ ಕಡೆ ಓದುವುದು ರೋಹಿತದ ಗೆರೆಗಳನ್ನೇ. 1899ರಲ್ಲಿ ಸ್ಥಾಪನೆಯಾದ, 2300 ಮೀಟರಿಗೂ ಎತ್ತರದಲ್ಲಿರುವ ಈ ವೀಕ್ಷಣಾಲಯದಲ್ಲಿ 1909ರಲ್ಲಿ ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್ ಸೂರ್ಯಕಲೆಗಳ ರೋಹಿತದ ಗೆರೆಗಳು ತುಸು ಸರಿದಿರುವುದನ್ನು ಕಂಡು, ಅಲ್ಲಿ ಅನಿಲ ಹೊರಕ್ಕೆ ಹರಿಯುತ್ತಿದೆಯೆಂದು ತೋರಿಸಿದರು. 20ನೇ ಶತಮಾನದ ಮೊದಲ ದಶಕದಿಂದಲೇ ಇಲ್ಲಿ ಕ್ಯಾಲ್ಸಿಯಂನ ‘ಕೆ’ ಗೆರೆಯ ಬೆಳಕಿನಲ್ಲಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ಸೂರ್ಯನ ರೋಹಿತದಲ್ಲಿ ದಪ್ಪಗೆ, ಕಪ್ಪಗೆ ಕಾಣುವ ಗೆರೆ ಇದು. ಖಗೋಳ ವಿಜ್ಞಾನಿಗಳಾದ ಜಾರ್ಜ್ ಪ್ರೆಸ್ಟನ್, ಸ್ಟೀಫನ್ ಶೆಕ್ಟ್‌ಮನ್, ತಿಮೊಥಿ ಬಿಯರ್ಸ್ ಆಕಾಶವನ್ನು ಜಾಲಾಡಿ ಲೋಹ ಕಡಿಮೆಯಿರುವ ನಕ್ಷತ್ರಗಳನ್ನು ಹೆಕ್ಕಿದ್ದೂ ಇದೇ ಗೆರೆಯನ್ನು ನೋಡಿ. ಸೂರ್ಯನಂಥದೇ ಬಿಸಿಯ ನಕ್ಷತ್ರದಲ್ಲಿ ‘ಕೆ’ ಗೆರೆ ಸಣಕಲಾಗಿದ್ದರೆ ಅಲ್ಲಿ ಲೋಹ ಕಡಿಮೆಯೆಂದು ಅನುಮಾನಿಸಬಹುದು. ಎಷ್ಟು ಕಡಿಮೆ ಎಂಬುದನ್ನು ಇವತ್ತಿಗೂ ಸೂರ್ಯನ ಜೊತೆ ಹೋಲಿಸಿಯೇ ಹೇಳುತ್ತಾರೆ.

ಎಲ್ಲ ನಕ್ಷತ್ರಗಳೂ ಒಂದೇ ಪಾಕದವು ಎಂದು ಒಂದು ಕಾಲಕ್ಕೆ ವಿಜ್ಞಾನಿಗಳೇ ನಂಬಿದ್ದರು. ಅದನ್ನು ಅಲುಗಿಸಿದ್ದು 1951ರಲ್ಲಿ ಜೋಸೆಫ್ ಚೇಂಬರ್ಲಿನ್, ಲಾರೆನ್ಸ್ ಅಲ್ಲರ್ ಮಾಡಿದ ಅಧ್ಯಯನ. ಅವರು ಪರೀಕ್ಷಿಸಿದ ನಕ್ಷತ್ರಗಳಲ್ಲಿ ಎಚ್‌ಡಿ 140283 ಕೂಡ ಇತ್ತು.

ಅದೇ ನಕ್ಷತ್ರ 2013ರಲ್ಲಿ ವಿಶ್ವಕ್ಕಿಂತ ಹಳೆಯದೆಂಬ ಸುದ್ದಿಯಾಯಿತು. ಲೆಕ್ಕಕ್ಕೆ ಬಂದ ವಯಸ್ಸು 1446 ಕೋಟಿ ವರ್ಷ, ವಿಶ್ವದ್ದು 1380 ಕೋಟಿ. ಆದರೆ ಅದೇ ಲೆಕ್ಕದಲ್ಲಿ 80 ಕೋಟಿ ವರ್ಷ ಆಚೀಚೆಯಾಗಬಹುದೆಂದೂ ಬರೆದಿತ್ತು. ಶೀರ್ಷಿಕೆ ಕೊಟ್ಟವರು ಅದನ್ನು ಬಿಟ್ಟರು, ಓದುಗರಿಗೆ ಇದು ಅನ್ಯಾಯ. ನಂತರದ ಲೆಕ್ಕಾಚಾರ ವಯಸ್ಸನ್ನು 1200 ಕೋಟಿಯ ಆಸುಪಾಸಿಗೆ ಇಳಿಸಿದೆ.

ಲೋಹ ಕಡಿಮೆಯಿರುವ ಈ ಹಳೆಯ ನಕ್ಷತ್ರಗಳೇ ವಿಶ್ವದ ಮೊಟ್ಟಮೊದಲ ನಕ್ಷತ್ರಗಳು ಎಂಬುದೂ ಸರಿಯಲ್ಲ. ಮಹಾಸ್ಫೋಟದ ತುಸು ಲಿಥಿಯಂ ಬಿಟ್ಟರೆ ಮೊದಲ ಪೀಳಿಗೆಯಲ್ಲಿ ಲೋಹ ಸ್ವಲ್ಪವೂ ಇರಕೂಡದು, ಅಂಥ ಒಂದು ನಕ್ಷತ್ರವೂ ಇದುವರೆಗೆ ಸಿಕ್ಕಿಲ್ಲ. 2014ರಲ್ಲಿ ವರದಿಯಾದ ಒಂದು ನಕ್ಷತ್ರದಲ್ಲಿ ಕಬ್ಬಿಣದ ಗೆರೆಯೇ ಕಾಣಲಿಲ್ಲ. ಇದ್ದರೂ ಸೂರ್ಯನ ಕಬ್ಬಿಣದ ಒಂದು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೂ ಅದರಲ್ಲಿ ಇಂಗಾಲವಿತ್ತು. ಎಂದರೆ ಅದಕ್ಕೂ ಮೊದಲು ಬಾಳಿ ಸಿಡಿದ ನಕ್ಷತ್ರವೊಂದಿತ್ತು.

ಈ ಹುಡುಕಾಟ ಹೊರದೇಶಗಳದ್ದು ಮಾತ್ರ ಎಂದುಕೊಳ್ಳಬೇಡಿ. ಕೊಡೈಕನಾಲ್ ವೀಕ್ಷಣಾಲಯವನ್ನು ನಡೆಸುವ ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯವರೇ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತ, ಲೋಹ ಕಡಿಮೆಯಿರುವ ನಕ್ಷತ್ರಗಳ ರೋಹಿತ ಪಡೆಯುತ್ತಿದ್ದಾರೆ.

ತೇನಿ, ಕಂಬಂ ಕಣಿವೆಯ ಕನ್ನಡದ ಮನೆಗಳವರಿಗೆ ಒಂದು ಮಾತು. ಎಚ್‌ಡಿ 140283 ಬರಿಗಣ್ಣಿಗೆ ಕಾಣುವುದಕ್ಕಿಂತ ತುಸುವಷ್ಟೇ ಮಸುಕು, ಬೈನಾಕ್ಯುಲರ್ ಸಾಕು. ಮುಂಗಾರು ಮೋಡ ಕವಿಯುವ ಮೊದಲು, ಮೇ ತಿಂಗಳ ನಡುರಾತ್ರಿ ತುಲಾ ರಾಶಿ ನಿಮ್ಮ ನೆತ್ತಿಗೆ ಹತ್ತಿರ ಬರುತ್ತದೆ. ನಕ್ಷತ್ರಪಟ ಹಿಡಿದು ಮಕ್ಕಳ ಜೊತೆ ಹುಡುಕಿ.